ಚೆಂಡನ್ನು ಕೊಯ್ದವರು

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಅಪ್ಪನ ಬಲಗೈಯಿಂದ ಕಾಫಿ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರು. ಮಾತು ತೊದಲುತ್ತಿತ್ತು. ‘ಈಗ ಚೆನ್ನಾಗೇ ಇದೀನಲ್ಲ’ ಅಂತ ಎರಡು ತಿಂಗಳಿಂದ ಬಿಪಿ ಮಾತ್ರೆ ನಿಲ್ಲಿಸಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ಒಂದೂವರೆ ಗಂಟೆಯೊಳಗೆ ನಾವೆಲ್ಲ ಒಂದು ಆಸ್ಪತ್ರೆಯ ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ಕೂತಿದ್ದೆವು.

ಡಾಕ್ಟರ್ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಬೂದು ಬಣ್ಣದ ಮಿದುಳು, ಬಲಗಡೆ ಒಂದು ಬಿಳಿ ಮಚ್ಚೆ. ಬಿಳಿ ಅಂದರೆ ರಕ್ತ. ನಾನು ತಕ್ಷಣ, “ಮೇಡಂ, ಬಿದ್ದಿರೋದು ಬಲಗೈ. ಹಾಗಿದ್ರೆ ತೊಂದರೆ ಎಡ ಮಿದುಳಲ್ಲಿ ಇರಬೇಕಲ್ವಾ? ಇದು ಬೇರೆ ಯಾರದ್ದೋ ಸ್ಕ್ಯಾನ್ ಅಲ್ಲ ತಾನೆ?” ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ನೀವು ಅವರ ಕಾಲ ಹತ್ತಿರ ನಿಂತು ನೋಡ್ತಾ ಇದೀರಿ ಅಂದ್ಕೊಳಿ. ಅವರು ಅಂಗಾತ ಮಲಗಿದಾರೆ. ಅವರ ಎಡ, ನಿಮ್ಮ ಬಲ.” ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ‘ಸೆಕ್ಷನ್ ವ್ಯೂ’ ಬರೆದು ಪಾಸಾದವನು ನಾನು. ಕೊಯ್ದ ಚಿತ್ರ ನೋಡುವಾಗ ಮೊದಲು ಕೇಳಬೇಕಾದದ್ದು ‘ಯಾವ ಕಡೆಯಿಂದ ನೋಡ್ತಿದೀನಿ’ ಅಂತ. ಅದೇ ಮರೆತುಹೋಗಿತ್ತು.

ಆಮೇಲೆ ಅವರು ಮೌಸ್‌ನ ಚಕ್ರ ತಿರುಗಿಸುತ್ತಾ ಹೋದರು. ತಲೆಯ ಒಂದೊಂದೇ ಬಿಲ್ಲೆ ಕೆಳಗಿನಿಂದ ಮೇಲಕ್ಕೆ ಸರಿಯಿತು. ಬಿಳಿ ಮಚ್ಚೆ ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು, ಆಮೇಲೆ ದೊಡ್ಡದು, ಮತ್ತೆ ಸಣ್ಣದಾಗಿ ಮಾಯ. ಅವರು ಅತಿ ದೊಡ್ಡ ಮಚ್ಚೆ ಇದ್ದ ಬಿಲ್ಲೆಗೆ ವಾಪಸ್ ಬಂದು, ಉದ್ದ ಅಳೆದರು: 4 ಸೆಂ.ಮೀ. ಅದಕ್ಕೆ ಅಡ್ಡಲಾಗಿ ಅಗಲ ಅಳೆದರು: 3. ಮಚ್ಚೆ ಕಂಡದ್ದು 6 ಬಿಲ್ಲೆಗಳಲ್ಲಿ, ಒಂದೊಂದು 5 ಮಿ.ಮೀ. ದಪ್ಪ, ಅಲ್ಲಿಗೆ ಎತ್ತರ 3. ಕೇಸ್ ಶೀಟಿನ ಅಂಚಿನಲ್ಲಿ ಬರೆದರು: ನಾಲ್ಕು ಮೂರಲ 12, ಹನ್ನೆರಡು ಮೂರಲ 36, ಭಾಗಿಸು 2, ಉತ್ತರ 18. “18 ಎಂಎಲ್. 30 ದಾಟಿದ್ರೆ ನನ್ನ ಮುಖ ಬೇರೆ ಥರ ಇರ್ತಿತ್ತು. ಇವತ್ತು ರಾತ್ರಿ ನೋಡೋಣ.”

ಆ ರಾತ್ರಿ ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತವನಿಗೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ. ಎರಡರಿಂದ ಯಾಕೆ ಭಾಗಿಸಿದರು? ಭಯ ಆದಾಗ ಮನಸ್ಸು ಹೀಗೆ ಸಣ್ಣದೊಂದನ್ನು ಹಿಡಿದುಕೊಂಡು ಕೂರುತ್ತೆ. ನಾನು ಹಿಡಿದುಕೊಂಡದ್ದು ಇದನ್ನ. ಆಮೇಲೆ ತಿಂಗಳುಗಟ್ಟಲೆ ಓದಿದಾಗ ಗೊತ್ತಾಯಿತು, ಆ ‘ಎರಡು’ ಬಂದ ದಾರಿ ಎರಡು ಸಾವಿರ ವರ್ಷಕ್ಕಿಂತ ಉದ್ದದ್ದು, ಮಧ್ಯದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡವನ್ನೂ ಹಾದು ಬಂದಿದೆ ಅಂತ.

ಪ್ರಶ್ನೆಯನ್ನು ಹೀಗೆ ಇಟ್ಟುಕೊಳ್ಳಿ. ಒಂದು ಚೌಕಾಕಾರದ ಡಬ್ಬಿ. ಅದರೊಳಗೆ ಆರೂ ಗೋಡೆಗೆ ತಾಗುವ ಹಾಗೆ ಸರಿಯಾಗಿ ಕೂತ ಒಂದು ಲಡ್ಡು. ಡಬ್ಬಿಯಲ್ಲಿ ಲಡ್ಡು ಎಷ್ಟು ಪಾಲು, ಖಾಲಿ ಜಾಗ ಎಷ್ಟು ಪಾಲು? ಡಬ್ಬಿಯ ಘನಫಲ ಮಗ್ಗಿ ಬಂದವರಿಗೆಲ್ಲ ಗೊತ್ತು. ಲಡ್ಡುವಿನದ್ದೇ ಕಷ್ಟ. ಅದಕ್ಕೆ ಉದ್ದ ಇಲ್ಲ, ಅಗಲ ಇಲ್ಲ, ಹಿಡಿಯಲು ಒಂದು ಮೂಲೆಯೂ ಇಲ್ಲ. ನೀರಲ್ಲಿ ಮುಳುಗಿಸಿ ಅಳೆಯಬಹುದು ನಿಜ, ಆದರೆ ಹಾಗೆ ಸಿಗುವುದು ಆ ಒಂದು ಲಡ್ಡುವಿನ ಅಳತೆ ಮಾತ್ರ. ಎಲ್ಲ ಗೋಳಕ್ಕೂ ಹೊಂದುವ ನಿಯಮ ಬೇಕು ಅಂದರೆ ಕೊಯ್ಯಲೇಬೇಕು. ಕೈಯಿಂದಲ್ಲದಿದ್ದರೆ ಮನಸ್ಸಿನಲ್ಲಿ.

ಕೊಯ್ಯುವುದು ನಮಗೆ ಹೊಸದಲ್ಲ ಬಿಡಿ. ಬೆಂಡೆಕಾಯಿಯನ್ನು ಅಡ್ಡ ಹೆಚ್ಚಿದರೆ ಐದು ಮೂಲೆಯ ಚಕ್ರ, ಉದ್ದ ಸೀಳಿದರೆ ಬೀಜದ ಸಾಲು. ಸೌತೆಕಾಯಿಯನ್ನು ನೇರ ಹೆಚ್ಚಿದರೆ ದುಂಡು ಬಿಲ್ಲೆ, ಓರೆಯಾಗಿ ಹೆಚ್ಚಿದರೆ ಮೊಟ್ಟೆಯಾಕಾರ. ಒಂದೇ ಬಿಲ್ಲೆಯನ್ನು ನೋಡಿ ಪೂರ್ತಿ ವಸ್ತುವನ್ನು ಹೇಳುವುದಕ್ಕೆ ಮಾತ್ರ ಆಗಲ್ಲ. ಚೆಂಡಿನ ಬಿಲ್ಲೆಯೂ ದುಂಡಗೆ, ಕೊಳವೆಯದ್ದೂ ದುಂಡಗೆ, ಶಂಕುವಿನದ್ದೂ ದುಂಡಗೆ. ಮುಂದಿನ ಬಿಲ್ಲೆ, ಅದರ ಮುಂದಿನದು, ಹೀಗೆ ಸಾಲಾಗಿ ನೋಡಿದಾಗಲೇ ಗುಟ್ಟು ಬಿಡುತ್ತೆ. ಬೆಳೆದು ಕುಗ್ಗಿದರೆ ಚೆಂಡು, ಹಾಗೇ ಇದ್ದರೆ ಕೊಳವೆ, ಒಂದೇ ಸಮನೆ ಕುಗ್ಗುತ್ತಾ ಹೋದರೆ ಶಂಕು. ಡಾಕ್ಟರ್ ಮೌಸ್ ತಿರುಗಿಸಿದ್ದು ಇದಕ್ಕೇ.

ಲಡ್ಡುವನ್ನು ಮೊದಲು ಸರಿಯಾಗಿ ಕೊಯ್ದವನು ಸಿಸಿಲಿಯ ಸಿರಾಕ್ಯೂಸ್‌ನ ಆರ್ಕಿಮಿಡೀಸ್. ಸ್ನಾನದ ತೊಟ್ಟಿಯಿಂದ ಬೆತ್ತಲೆ ಓಡಿದ ಕತೆಗೆ ನಾವು ಅವನನ್ನು ಕಟ್ಟಿಹಾಕಿಬಿಟ್ಟಿದ್ದೀವಿ, ಅನ್ಯಾಯ. ಅವನು ನಿಜವಾಗಿ ಹೆಮ್ಮೆಪಟ್ಟದ್ದು ಬೇರೆ ವಿಷಯಕ್ಕೆ. ಸಿಲಿಂಡರಿನೊಳಗೆ ಸರಿಯಾಗಿ ಕೂತ ಗೋಳ ಆ ಸಿಲಿಂಡರಿನ ಮೂರನೇ ಎರಡು ಪಾಲು, ಎಲ್ಲ ಗಾತ್ರದಲ್ಲೂ. ಗೋಳ, ಶಂಕು, ಸಿಲಿಂಡರ್ ಮೂರನ್ನೂ ಮನಸ್ಸಿನಲ್ಲೇ ತೆಳು ಬಿಲ್ಲೆ ಮಾಡಿ, ಒಂದು ತಕ್ಕಡಿಯ ದಂಡಿಗೆ ನೇತುಹಾಕಿ, ಬಿಲ್ಲೆಗೆ ಬಿಲ್ಲೆ ತೂಗಿದ. ನಮ್ಮಪ್ಪ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು, ಈ ವಿಧಾನ ಅವರಿಗೆ ಖಂಡಿತ ಇಷ್ಟವಾಗುತ್ತಿತ್ತು. ತನ್ನ ಗೋರಿಯ ಮೇಲೆ ಗೋಳ ಮತ್ತು ಸಿಲಿಂಡರಿನ ಚಿತ್ರವೇ ಇರಬೇಕು ಅಂತ ಅವನ ಆಸೆ. ಕ್ರಿ.ಪೂ. 212ರಲ್ಲಿ ರೋಮನ್ ಸೈನಿಕನ ಕೈಯಲ್ಲಿ ಸತ್ತ. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ಸಿಸೆರೊ, ಮುಳ್ಳುಪೊದೆಯೊಳಗೆ ಮುಚ್ಚಿಹೋಗಿದ್ದ ಆ ಗೋರಿಯನ್ನು ಗುರುತು ಹಿಡಿದದ್ದು ಅದೇ ಚಿತ್ರದಿಂದ.

ತಕ್ಕಡಿಯ ಗುಟ್ಟನ್ನು ಬರೆದಿಟ್ಟ ಪುಸ್ತಕದ ಪಾಡು ಇನ್ನೂ ವಿಚಿತ್ರ. 10ನೇ ಶತಮಾನದಲ್ಲಿ ಚರ್ಮದ ಹಾಳೆಯ ಮೇಲೆ ನಕಲಾದ ಅದನ್ನು 13ನೇ ಶತಮಾನದಲ್ಲಿ ಯಾರೋ ಉಜ್ಜಿ ಅಳಿಸಿ, ಮೇಲೆ ಪ್ರಾರ್ಥನೆಗಳನ್ನು ಬರೆದುಕೊಂಡರು. ಚರ್ಮ ದುಬಾರಿ, ಏನು ಮಾಡೋದು! 1906ರಲ್ಲಿ ಹೈಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸರು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೆಳಗಿನ ಮಸುಕು ಅಕ್ಷರಗಳನ್ನು ಓದಿದರು. ಆಮೇಲೆ ಪುಸ್ತಕ ಮತ್ತೆ ಕಾಣೆಯಾಗಿ, 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಹೋಯಿತು. ಅದರ ಕೆಲವು ಪುಟಗಳನ್ನು ಕೊನೆಗೂ ಓದಿಸಿದ್ದು ಎಕ್ಸ್-ರೇ. ಹಳೆಯ ಶಾಯಿಯಲ್ಲಿದ್ದ ಕಬ್ಬಿಣ ಅದರ ಬೆಳಕಿನಲ್ಲಿ ಮಿನುಗಿತು.

ಈ ಗ್ರೀಕ್ ದಾರಿಗೆ ಸಂಬಂಧವೇ ಇಲ್ಲದ ಹಾಗೆ ಚೀನಾದಲ್ಲಿ ಇನ್ನೊಬ್ಬ ಲಡ್ಡುವಿನ ಮುಂದೆ ಕೂತಿದ್ದ. ಅಲ್ಲಿನ ಹಳೆಯ ‘ಒಂಬತ್ತು ಅಧ್ಯಾಯಗಳು’ ಗಣಿತ ಗ್ರಂಥದ ಪ್ರಕಾರ ಲಡ್ಡು ಡಬ್ಬಿಯ 16ರಲ್ಲಿ 9 ಪಾಲು, ಅಂದರೆ ಶೇ 56.25. ಕ್ರಿ.ಶ. 263ರಲ್ಲಿ ಅದಕ್ಕೆ ಭಾಷ್ಯ ಬರೆದ ಲಿಯೂ ಹುಯಿ, ಇದು ತಪ್ಪು ಅಂದ. ತೋರಿಸಿದ ರೀತಿ ನೋಡಿ. ಡಬ್ಬಿಯೊಳಗೆ ಎರಡು ಸಿಲಿಂಡರುಗಳನ್ನು ಒಂದಕ್ಕೊಂದು ಅಡ್ಡಡ್ಡ ತೂರಿಸಿ, ಎರಡಕ್ಕೂ ಸೇರಿದ ಭಾಗವನ್ನು ಮಾತ್ರ ಉಳಿಸಿಕೊಳ್ಳಿ. ಬುಡಕ್ಕೆ ಬುಡ ಜೋಡಿಸಿದ ಎರಡು ಚೌಕ ಕೊಡೆಗಳಂಥ ಒಂದು ಆಕೃತಿ ಸಿಗುತ್ತೆ. ಗೋಳ ಅದರೊಳಗೆ ಸರಿಯಾಗಿ ಕೂರುತ್ತೆ. ಯಾವ ಎತ್ತರದಲ್ಲಿ ಅಡ್ಡ ಕೊಯ್ದರೂ ಕಾಣುವುದು ಒಂದು ಚೌಕ, ಅದರೊಳಗೆ ನಾಲ್ಕೂ ಬದಿಗೆ ತಾಗಿದ ಒಂದು ವೃತ್ತ. ಪ್ರತಿ ಬಿಲ್ಲೆಯಲ್ಲೂ ಅದೇ ಪ್ರಮಾಣ ಅಂದಮೇಲೆ ಇಡೀ ಆಕೃತಿಗಳಲ್ಲೂ ಅದೇ ಪ್ರಮಾಣ. ಅಲ್ಲಿಗೆ ಕೆಲಸ ಮುಕ್ಕಾಲು ಮುಗಿಯಿತು. ಉಳಿದದ್ದು ಆ ಕೊಡೆ ಆಕೃತಿಯ ಘನಫಲ.

ಅದು ಅವನಿಗೆ ಸಿಗಲಿಲ್ಲ. ಏನೋ ಒಂದು ಅಂದಾಜು ಬರೆದು ಮುಗಿಸಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆತ ಮಾತ್ರ, ಇದು ನನ್ನಿಂದಾಗದು, ಬಲ್ಲವರು ಮುಂದೆ ಬಂದಾಗ ಬಿಡಿಸಲಿ ಅಂತ ಬರೆದು ಜಾಗ ಖಾಲಿ ಬಿಟ್ಟ. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಇಷ್ಟವಾದ ಮನುಷ್ಯ ಇವನೇ. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ‘ಇನ್ನೆರಡು ದಿನದಲ್ಲಿ ಆಗುತ್ತೆ’ ಅನ್ನುವ ನಮಗೆ ಅವನು ಅರ್ಥವಾಗುವುದು ಸ್ವಲ್ಪ ಕಷ್ಟ.

ಬಲ್ಲವರು ಬರುವುದಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಂದವನು ಜೂ ಗಂಗ್, ಹೆಸರಾಂತ ಗಣಿತಜ್ಞ ಜೂ ಚೋಂಗ್‌ಜಿಯ ಮಗ. ಅವನು ಕೊಡೆ ಆಕೃತಿಯನ್ನು ನೋಡುವುದೇ ಬಿಟ್ಟು, ಡಬ್ಬಿಯಲ್ಲಿ ಅದರ ಸುತ್ತ ಉಳಿದ ಖಾಲಿ ಜಾಗವನ್ನು ನೋಡಿದ. ಡಬ್ಬಿಯನ್ನು ಎಂಟು ಸಮ ತುಂಡು ಮಾಡಿ ಒಂದನ್ನು ತೆಗೆದುಕೊಂಡರೆ, ನಡುಮಟ್ಟದಿಂದ ಎಷ್ಟು ಮೇಲೆ ಕೊಯ್ದರೆ ಅಷ್ಟೇ ಬದಿಯ ಚೌಕದಷ್ಟು ಜಾಗ ಖಾಲಿ. 1 ಮೇಲೆ ಹೋದರೆ 1, 2 ಮೇಲೆ ಹೋದರೆ 4, 3 ಹೋದರೆ 9. (ಪೈಥಾಗೊರಸ್ ನೆನಪಿದ್ದವರು ಟಿಶ್ಯೂ ಪೇಪರಿನ ಮೇಲೆ ಬಿಡಿಸಿ ನೋಡಬಹುದು.) ತಲೆಕೆಳಗಾಗಿ ನಿಂತ ಪಿರಮಿಡ್ಡಿನ ಬಿಲ್ಲೆಗಳೂ ಹೀಗೇ ಬೆಳೆಯುತ್ತವೆ. ಪಿರಮಿಡ್ ತನ್ನ ಡಬ್ಬಿಯ ಮೂರನೇ ಒಂದು. ಹಾಗಾಗಿ ಖಾಲಿ ಜಾಗ ಮೂರನೇ ಒಂದು, ಕೊಡೆ ಆಕೃತಿ ಮೂರನೇ ಎರಡು. ಅದರೊಳಗಿನ ಲಡ್ಡು ಡಬ್ಬಿಯ ಶೇ 52.36. ಪ್ರತಿ ಎತ್ತರದಲ್ಲೂ ಬಿಲ್ಲೆಗಳು ಸಮವಾದರೆ ಒಟ್ಟು ಗಾತ್ರವೂ ಸಮ ಅನ್ನುವ ಈ ತತ್ವವನ್ನು ಯುರೋಪಿನಲ್ಲಿ 1635ರಲ್ಲಿ ಪುಸ್ತಕ ಬರೆದ ಇಟಲಿಯ ಕವಲಿಯೆರಿ ಹೆಸರಿನಿಂದ ಕರೆಯುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲೂ ಅವನ ಹೆಸರೇ ಉಳಿದಿದೆ.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಸ್ವಲ್ಪ ಸಂಕೋಚದಿಂದಲೇ ಶುರುಮಾಡಬೇಕು. ಕ್ರಿ.ಶ. 499ರ ಆರ್ಯಭಟ, ವೃತ್ತದ ಪೈ ಬೆಲೆಯನ್ನು 3.1416 ಅಂತ ಅಷ್ಟು ಚೊಕ್ಕವಾಗಿ ಕೊಟ್ಟವನು, ಗೋಳದ ವಿಷಯದಲ್ಲಿ ಎಡವಿದ. ವೃತ್ತದ ವಿಸ್ತೀರ್ಣವನ್ನು ಅದರದ್ದೇ ವರ್ಗಮೂಲದಿಂದ ಗುಣಿಸಿ ಅಂದ. ಹಾಗೆ ಮಾಡಿದರೆ ಲಡ್ಡು ಡಬ್ಬಿಯ ಶೇ 70ರ ಹತ್ತಿರ ಬರುತ್ತೆ. ಮೇಲಾಗಿ ‘ಶೇಷವಿಲ್ಲದ ಬೆಲೆ’ ಅಂತ ಬೇರೆ ಸೇರಿಸಿದ್ದಾನೆ. ವಾಟ್ಸ್‌ಆ್ಯಪ್‌ನಲ್ಲಿ ‘ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಅಂತ ಬರುವ ಫಾರ್ವರ್ಡುಗಳಲ್ಲಿ ಈ ಸೂತ್ರ ಇರಲ್ಲ. ನನಗೇನೋ ಇದರಿಂದ ಆರ್ಯಭಟನ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಗೋಳ ಎಷ್ಟು ಕಷ್ಟದ್ದು ಅನ್ನೋದು ಗೊತ್ತಾಯಿತು ಅಷ್ಟೆ.

ಮುಂದಿನ ಹೆಜ್ಜೆ ಮಾನ್ಯಖೇಟ, ಅಂದರೆ ಇವತ್ತಿನ ಮಳಖೇಡ. 9ನೇ ಶತಮಾನ, ಅಮೋಘವರ್ಷ ನೃಪತುಂಗನ ಕಾಲ. ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಆಸ್ಥಾನದಲ್ಲೇ ಅಂತ ನಮಗೆಲ್ಲ ಗೊತ್ತು. ಅದೇ ದೊರೆಯನ್ನು ಹೊಗಳಿ ಶುರುವಾಗುವ ಗಣಿತದ ಪುಸ್ತಕವೊಂದಿದೆ, ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಅದು ಸಂಸ್ಕೃತದಲ್ಲಿದೆ. ಗೋಳಕ್ಕೆ ಅದು ಎರಡು ಬೆಲೆ ಕೊಡುತ್ತೆ: ಒಂದು ಸ್ಥೂಲ, ಇನ್ನೊಂದು ಸೂಕ್ಷ್ಮ. ಸ್ಥೂಲವಾಗಿ, ತ್ರಿಜ್ಯದ ಘನದ ಅರ್ಧವನ್ನು 9ರಿಂದ ಗುಣಿಸಿ. ಇದನ್ನು ಡಬ್ಬಿಯ ಭಾಷೆಗೆ ತಂದರೆ 16ರಲ್ಲಿ 9 ಪಾಲು, ಲಿಯೂ ಹುಯಿ ತಪ್ಪು ಅಂದ ಅದೇ ಬೆಲೆ! ಮಹಾವೀರ ಅಷ್ಟಕ್ಕೇ ನಿಲ್ಲದೆ, ಸೂಕ್ಷ್ಮ ಬೇಕಾದರೆ ಇದರ ಹತ್ತರಲ್ಲಿ ಒಂಬತ್ತು ಪಾಲು ತೆಗೆದುಕೊಳ್ಳಿ ಅನ್ನುತ್ತಾನೆ. ಆಗ ಬರುವುದು ಶೇ 50.6. ನಿಜವಾದ ಬೆಲೆಗಿಂತ ಶೇ 3ರಷ್ಟು ಕಡಿಮೆ. ಈ 50.6ನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪೂರ್ತಿ ಸರಿಯಾದ ಉತ್ತರ ಬಂದದ್ದು ಎರಡನೇ ಭಾಸ್ಕರನಿಂದ, 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ. ಅವನು ತನ್ನ ಊರೆಂದು ಹೇಳಿಕೊಳ್ಳುವ ವಿಜ್ಜಡವಿಡ ನಮ್ಮ ವಿಜಯಪುರ ಅನ್ನುವವರೂ ಇದ್ದಾರೆ, ಮಹಾರಾಷ್ಟ್ರದ ಪಾಟಣದ ಸುತ್ತಮುತ್ತ ಅನ್ನುವವರೂ ಇದ್ದಾರೆ. ಆ ಜಗಳ ಈಗ ಬೇಡ. ಚೆಂದ ಇರುವುದು ಅವನು ಕೊಯ್ದ ರೀತಿಯಲ್ಲಿ. ಮಣ್ಣಿನದೋ ಮರದ್ದೋ ಒಂದು ಗೋಳ ಮಾಡಿ, ನೆಲ್ಲಿಕಾಯಿಯ ಮೇಲೆ ಗೆರೆಗಳಿರುತ್ತವಲ್ಲ ಹಾಗೆ ತುದಿಯಿಂದ ತುದಿಗೆ 96 ಗೆರೆ ಎಳೆಯಿರಿ ಅನ್ನುತ್ತಾನೆ. ಒಂದೊಂದು ಸೀಳಿನ ವಿಸ್ತೀರ್ಣವನ್ನು ತುಂಡು ತುಂಡಾಗಿ ಕೂಡಿಸಿ, ಗೋಳದ ಮೇಲ್ಮೈ ಅಂದರೆ ಪರಿಧಿ ಗುಣಿಸು ವ್ಯಾಸ ಅಂತ ತೋರಿಸುತ್ತಾನೆ. ಆಮೇಲೆ ಗೋಳದೊಳಕ್ಕೆ ಇಳಿಯುತ್ತಾನೆ. ಮೇಲ್ಮೈಯ ಪ್ರತಿ ಸಣ್ಣ ಚೂರಿನಿಂದ ಮಧ್ಯದವರೆಗೆ ಒಂದೊಂದು ಸೂಜಿಮೊನೆಯ ಪಿರಮಿಡ್. ಎಲ್ಲ ಕೂಡಿಸಿದರೆ, ಮೇಲ್ಮೈ ಗುಣಿಸು ವ್ಯಾಸ, ಭಾಗಿಸು 6. ಡಬ್ಬಿಯ ಶೇ 52.36. ತನಗಿಂತ ಹಿಂದಿನ ಲಲ್ಲಾಚಾರ್ಯ ಗೋಳದ ಮೇಲ್ಮೈಗೆ ಕೊಟ್ಟ ಸೂತ್ರ ತಪ್ಪು ಅಂತ ಹೆಸರು ಹಿಡಿದೇ ಟೀಕಿಸುತ್ತಾನೆ. ಹಿರಿಯರು ಅಂತ ಸುಮ್ಮನಿರಲಿಲ್ಲ.

ಗಣಿತಜ್ಞರ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಮನುಷ್ಯನ ತಲೆ ಮಣ್ಣಿನ ಗೋಳ ಅಲ್ಲ. ಒಳಗೆ ಏನಿದೆ ಅಂತ ನೋಡಲು ಮನಸ್ಸಿನ ಚಾಕು ಸಾಲದು, ನಿಜವಾದ ಚಾಕು ಹಾಕಿದರೆ ಮನುಷ್ಯ ಉಳಿಯಲ್ಲ. 1850ರ ದಶಕದಲ್ಲಿ ರಷ್ಯಾದ ಸರ್ಜನ್ ನಿಕೊಲಾಯ್ ಪಿರೊಗೊವ್ ಇದಕ್ಕೆ ಒಂದು ಭಯಂಕರ ಉಪಾಯ ಮಾಡಿದ. ಶವಗಳನ್ನು ಹೆಪ್ಪುಗಟ್ಟಿಸಿ, ಗರಗಸದಿಂದ ಮೂರು ದಿಕ್ಕಿನಲ್ಲೂ ತೆಳುವಾಗಿ ಕೊಯ್ದು, ಒಂದೊಂದು ಬಿಲ್ಲೆಯ ಚಿತ್ರ ಬಿಡಿಸಿ ದೊಡ್ಡ ಅಟ್ಲಾಸ್ ತಂದ. ಹಾಗೇ ಕೊಯ್ದರೆ ಅಂಗಗಳು ಜಾರಿ ಜಾಗ ಬದಲಿಸುತ್ತವೆ, ಹೆಪ್ಪುಗಟ್ಟಿದರೆ ಇದ್ದಲ್ಲೇ ಇರುತ್ತವೆ. ಇವತ್ತಿನ ಸ್ಕ್ಯಾನಿನ ಪಕ್ಕ ಆ ಚಿತ್ರಗಳನ್ನಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಬದುಕಿದವರನ್ನು ಕೊಯ್ಯದೆ ಕೊಯ್ಯುವ ದಾರಿ ಸಿಕ್ಕಿದ್ದು ನೆರಳಿನಿಂದ. ಪೇಪರಿನ ಪುರವಣಿಯಲ್ಲಿ ಒಂದು ಆಟ ಬರುತ್ತಲ್ಲ: ಚೌಕಗಳೊಳಗಿನ ಸಂಖ್ಯೆ ಕಾಣಿಸಲ್ಲ, ಅಡ್ಡಸಾಲಿನ ಮೊತ್ತ ಮತ್ತು ಕಂಬಸಾಲಿನ ಮೊತ್ತ ಮಾತ್ರ ಕೊಟ್ಟಿರುತ್ತಾರೆ. ಎಕ್ಸ್-ರೇ ಕಿರಣವೂ ಒಂದು ಸಾಲಿನ ಮೊತ್ತವನ್ನಷ್ಟೇ ಹೇಳುತ್ತೆ, ದಾರಿಯಲ್ಲಿ ಒಟ್ಟು ಎಷ್ಟು ಅಡ್ಡ ಬಂತು ಅಂತ. ಎಲ್ಲ ದಿಕ್ಕಿನಿಂದಲೂ ಇಂಥ ಮೊತ್ತ ಗೊತ್ತಿದ್ದರೆ ಒಳಗಿನ ಬಿಲ್ಲೆಯನ್ನು ಪೂರ್ತಿ ಬರೆಯಬಹುದು ಅಂತ 1917ರಲ್ಲೇ ಯೊಹಾನ್ ರಾಡಾನ್ ಎಂಬ ಆಸ್ಟ್ರಿಯಾದ ಗಣಿತಜ್ಞ ಸಾಧಿಸಿದ್ದ. ಆಸ್ಪತ್ರೆಯ ಯೋಚನೆ ಅವನ ಕನಸಿನಲ್ಲೂ ಇರಲಿಲ್ಲ. 1956ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕವಾಗಿ ಕೆಲಸ ಮಾಡುತ್ತಿದ್ದ ಭೌತಶಾಸ್ತ್ರಜ್ಞ ಅಲನ್ ಕಾರ್ಮ್ಯಾಕ್‌ಗೆ, ರಾಡಾನ್ ಹೆಸರೂ ಗೊತ್ತಿಲ್ಲದೆ, ಅದೇ ಸಮಸ್ಯೆ ಎದುರಾಯಿತು. ಬಿಡಿಸಿ 1963 ಮತ್ತು 1964ರಲ್ಲಿ ಪ್ರಕಟಿಸಿದ. ಯಾರೂ ತಿರುಗಿ ನೋಡಲಿಲ್ಲ. ಪ್ರತಿ ಕೇಳಿ ಬಂದ ಕೆಲವೇ ಪತ್ರಗಳಲ್ಲಿ ಒಂದು ಸ್ವಿಟ್ಜರ್‌ಲೆಂಡಿನ ಹಿಮಕುಸಿತ ಸಂಶೋಧಕರದ್ದು, ಹಿಮದ ರಾಶಿಯೊಳಗೆ ನೋಡಲು ಉಪಯೋಗವಾಗುತ್ತಾ ಅಂತ.

ಯಂತ್ರ ಮಾಡಿ ನಿಲ್ಲಿಸಿದವನು ಗಾಡ್‌ಫ್ರೀ ಹೌನ್ಸ್‌ಫೀಲ್ಡ್, ಬೀಟಲ್ಸ್ ರೆಕಾರ್ಡು ತಂದ ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್. ಹಳೆಯ ಲೇತ್ ಯಂತ್ರದ ಬುಡ ಇಟ್ಟುಕೊಂಡು ಶುರುಮಾಡಿದ. ಮೊದಲ ಚಿತ್ರಕ್ಕೆ ಬೇಕಾದ 28,000 ಅಳತೆಗಳನ್ನು ತೆಗೆಯಲು 9 ದಿನ, ಕಂಪ್ಯೂಟರ್ ಲೆಕ್ಕಕ್ಕೆ ಎರಡೂವರೆ ಗಂಟೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಬಿಲ್ಲೆ ಪರದೆಗೆ ಬಂತು. ಮಿದುಳಿನಲ್ಲಿ ಗಡ್ಡೆಯ ಅನುಮಾನವಿದ್ದ ಹೆಂಗಸು ಆಕೆ. ದುಂಡನೆಯ ಮಚ್ಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಚಿತ್ರ ಬರೀ 80 ಚೌಕ ಗುಣಿಸು 80 ಚೌಕ. ನಮ್ಮ ಮೊಬೈಲಿನ ಐಕಾನಿಗಿಂತ ಒರಟು. 1979ರ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ ಸೇರಿ ಬಂತು. ಇಬ್ಬರಿಗೂ ಪಿಎಚ್‌ಡಿ ಇರಲಿಲ್ಲ ಅನ್ನೋದನ್ನ ಪಿಎಚ್‌ಡಿ ಅರ್ಧಕ್ಕೆ ಬಿಟ್ಟ ನನ್ನ ಸ್ನೇಹಿತರಿಗಾಗಿ ಬರೆದಿದ್ದೇನೆ.

ಈಗ ಆ ‘ಎರಡು’. ರಕ್ತದ ಗಂಟು ಮಿದುಳಿನೊಳಗೆ ಹೆಚ್ಚುಕಡಿಮೆ ಅದುಮಿದ ಲಡ್ಡುವಿನ ಆಕಾರದಲ್ಲಿರುತ್ತೆ. ಲಡ್ಡುವನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಅದುಮಿದರೆ ಸುತ್ತಲಿನ ಡಬ್ಬಿಯೂ ಅದೇ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತೆ, ಶೇ 52.36 ಹಾಗೇ ಉಳಿಯುತ್ತೆ. ಅಪ್ಪನ ಡಬ್ಬಿ 4, 3, 3. ಒಟ್ಟು 36. ಅದರ ಶೇ 52.36 ಅಂದರೆ ಸುಮಾರು 19. ಮಧ್ಯರಾತ್ರಿ ಎಮರ್ಜೆನ್ಸಿಯಲ್ಲಿ ನಿಂತವರು ಪೈಯನ್ನು 6ರಿಂದ ಭಾಗಿಸುತ್ತಾ ಕೂರಲ್ಲ, ಅರ್ಧ ಅಂದುಬಿಡುತ್ತಾರೆ: 18. ರಕ್ತದ ಗಂಟು ಹೇಗಿದ್ದರೂ ಅಚ್ಚುಕಟ್ಟಾದ ಆಕೃತಿ ಅಲ್ಲ, ಹಾಗಾಗಿ ಆ ಒಂದು ಎಂಎಲ್‌ನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅಮೆರಿಕದ ವೈದ್ಯರು 1996ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಸುಲಭ ಸೂತ್ರವನ್ನು ಕಂಪ್ಯೂಟರ್ ಅಳತೆಯ ಜೊತೆ ಹೋಲಿಸಿ ಸಾಕಷ್ಟು ಸರಿ ಅಂತ ತೋರಿಸಿದೆ. ಆಸ್ಪತ್ರೆಗಳ ಅರ್ಧ, ಅಂದರೆ ಶೇ 50. ಮಳಖೇಡದ ಮಹಾವೀರಾಚಾರ್ಯನ ಸೂಕ್ಷ್ಮ ಬೆಲೆ ಶೇ 50.6. ಇದು ಕಾಕತಾಳೀಯ, ಇದರಿಂದ ಯಾರೂ ಫಾರ್ವರ್ಡ್ ತಯಾರಿಸಬೇಡಿ. ಆದರೂ ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನದ ಸ್ಕ್ಯಾನಿನಲ್ಲೂ 18 ಹಾಗೇ ಇತ್ತು, ಬೆಳೆದಿರಲಿಲ್ಲ. ಆರು ವಾರದ ನಂತರ ಬಿಳಿ ಹೋಗಿ ಒಂದು ಕಪ್ಪು ಸೀಳಷ್ಟೇ ಉಳಿದಿತ್ತು. ಅಪ್ಪ ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ, ಬಲಗೈ ನಿಧಾನಕ್ಕೆ ಮರಳುತ್ತಿದೆ. ಮಾತೂ ಅಷ್ಟೆ, ಒಂದೊಂದೇ ಪದ, ಹುಡುಕಿ ಹುಡುಕಿ.

ಯುಗಾದಿಗೆ ಬೀರು ಒರೆಸುವಾಗ ಆ ಫಿಲಂ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. “ಇದು ನೀವೇ ಅಪ್ಪ. ನಾವು ನಿಮ್ಮ ಕಾಲ ಹತ್ತಿರ ನಿಂತಿದೀವಿ ಅಂದ್ಕೊಳಿ.” ಬಹಳ ಹೊತ್ತು ನೋಡಿದರು.

“ರಕ್ತ... ಎಷ್ಟಿತ್ತೋ?”

“18 ಎಂಎಲ್.”

“ಚಟಾಕಲ್ಲಿ ಹೇಳೋ.”

ಮನಸ್ಸಲ್ಲೇ ಲೆಕ್ಕ ಹಾಕಿದೆ. “ಚಟಾಕಿನ ಮೂರನೇ ಒಂದು ಪಾಲೂ ಇಲ್ಲ. ಒಂದು ಬೆಟ್ಟದ ನೆಲ್ಲಿಕಾಯಿ ಗಾತ್ರ.”

ಅಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳನ್ನು ಒಂದು ನೆಲ್ಲಿಕಾಯಿ ಹಿಡಿದ ಹಾಗೆ ಮಡಿಸಲು ನೋಡಿದರು. ಮೂರು ಬೆರಳು ಮಡಿಸಿದವು.